ಅವರೆಯ ಹೊಲ, ನೀಲಗಿರಿಯ ತರಗು

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಯವರೆಗೆ ಸಂಚರಿಸಿದವರಿಗೆ ನೀಲಗಿರಿ ತೋಪು ಹೊಸದಲ್ಲ. ಒಮ್ಮೆ ಅಂಥ ತೋಪನ್ನು ಹೊಕ್ಕು ನೆಲವನ್ನು ನೋಡಿ. ಒಣ ತರಗು ಧಾರಾಳ, ಹುಲ್ಲು ವಿರಳ. ಮರವು ನೀರನ್ನೆಲ್ಲ ಹೀರುವುದೇ ಕಾರಣವೆಂದು ಜನ ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ನಿಜ.

ಸಸ್ಯಗಳು ತಮ್ಮ ಎಲೆ, ಬೇರುಗಳಿಂದ ಕೆಲವು ರಸಗಳನ್ನು ಹೊರಬಿಟ್ಟು ನೆರೆಯ ಗಿಡವನ್ನು ತಡೆಯುವುದುಂಟು. ಕಡಲೆಯ ಬೆಳೆ ಕಳೆಯನ್ನು ಅಡಗಿಸುತ್ತದೆಂದು ಗ್ರೀಸಿನ ಥಿಯೋಫ್ರಾಸ್ಟಸನು ಕ್ರಿಸ್ತಪೂರ್ವ 300ರ ಸುಮಾರಿನಲ್ಲೇ ಬರೆದನು. ಇದಕ್ಕೆ ‘ಅಲಿಲೋಪತಿ’ ಎಂಬ ಹೆಸರನ್ನಿಟ್ಟವನು ಹಾನ್ಸ್ ಮೋಲಿಷ್, 1937ರಲ್ಲಿ.

ಸಸ್ಯರಸಗಳು ಹಗೆತನಕ್ಕಷ್ಟೇ ಅಲ್ಲ, ಸ್ನೇಹಕ್ಕೂ ಒದಗುತ್ತವೆ. ದ್ವಿದಳ ಧಾನ್ಯಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವೆಂಬುದನ್ನು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1888ರ ವೇಳೆಗೆ ಸ್ಥಾಪಿಸಿದರು. ಆ ಜೀವಿಗಳನ್ನು ಎಚ್ಚರಿಸಿ ಗಂಟು ಕಟ್ಟಲು ಕರೆಯುವುದು ಗಿಡವೇ ಹೊರಬಿಡುವ ರಸ. ಕುದುರೆ ಮಸಾಲೆ ಸೊಪ್ಪಿನಲ್ಲಿ ಆ ರಸ ಲೂಟಿಯೋಲಿನ್ ಎಂದು 1986ರಲ್ಲಿ ಗೊತ್ತಾಯಿತು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುತ್ತಿದ್ದ ನಮ್ಮ ಹಿರಿಯರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ನೆಲದ ಗುಣ ಮಾತ್ರ ಚೆನ್ನಾಗಿ ತಿಳಿದಿತ್ತು.

ಇನ್ನು ನೀಲಗಿರಿಯ ಕಥೆ. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ಆಸ್ಟ್ರೇಲಿಯದ ಈ ಮರವನ್ನು ನಂದಿಬೆಟ್ಟದಲ್ಲಿ ನೆಡಿಸಿದನೆಂದು ಪ್ರತೀತಿ. ಬಹುಕಾಲ ಅದು ಹೊಲಕ್ಕಿಳಿಯಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಬೆಂಬಲದಿಂದ ಕೋಲಾರ ಜಿಲ್ಲೆಯ ಅನೇಕ ರಾಗಿ ಹೊಲಗಳು ತೋಪುಗಳಾದವು. ರೈತನನ್ನು ದೂರುವಂತಿಲ್ಲ. ಕೂಲಿಯ ಖರ್ಚು ಕಡಿಮೆ, ಮಳೆಯ ಭಯ ಕಡಿಮೆ, ಮರಕ್ಕೆ ಗಿರಾಕಿ ಖಚಿತ. ಆದರೆ ರಾಗಿಯೊಡನೆ ಅಕ್ಕಡಿಯ ಅವರೆಯೂ ಹೋಯಿತು. ನೀಲಗಿರಿಯ ತರಗಿನಿಂದ ಇಳಿಯುವ ಫಿನಾಲಿಕ್ ಆಮ್ಲಗಳೂ ಎಣ್ಣೆಯ ಅಂಶಗಳೂ ಹೆಸರು, ಅಲಸಂದೆ, ಕಡಲೆಗಳ ಮೊಳಕೆಯನ್ನೂ ಬೇರನ್ನೂ ಕುಗ್ಗಿಸುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಪೇಟೆಯಲ್ಲಿರುವ ನಮಗೆ ಹೊಲದ ಗೊಡವೆ ಏಕೆನ್ನುವಿರಾ? ಮಾರ್ಗಶಿರದ ಚಳಿಯಲ್ಲಿ ನಿಮ್ಮ ಮನೆಗೆ ಬರುವ ಸೊಗಡವರೆ ಇಂಥ ನೆಲದಲ್ಲೇ ಹುಟ್ಟಬೇಕು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲಂತೂ ಈ ಸೀಮೆಗೆ ಹೊಲದ ಬೆಲೆ ಹೆಚ್ಚಿತೇ ಹೊರತು ತಗ್ಗಲಿಲ್ಲ. ನಿಮ್ಮಲ್ಲಿ ಹಲವರಿಗೆ ಹಳ್ಳಿಯಲ್ಲಿ ಪಿತ್ರಾರ್ಜಿತ ಭೂಮಿಯೂ ಇರಬಹುದು. ತೋಪು ಕಡಿಸಿದೊಡನೆ ಹುರುಳಿ ಚೆಲ್ಲಿ, ನೆಲವೇ ಸತ್ತಿತೆಂದು ಕೈಬಿಡಬೇಡಿ. ಬುಡಗಳನ್ನು ಕೀಳಿಸಿ, ಇಲ್ಲವಾದರೆ ಮತ್ತೆ ಚಿಗುರುತ್ತವೆ. ತರಗನ್ನು ಗುಡಿಸಿ ತೆಗೆಸಿ. ಮಳೆಗೂ ಮಣ್ಣಿನ ಜೀವಿಗಳಿಗೂ ಕಾಲ ಕೊಟ್ಟರೆ ಆ ರಸಗಳು ಕ್ರಮೇಣ ಕರಗಿಹೋಗುತ್ತವೆ.

ನಂಬಿಕೆ ಸಾಲದವರು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ತಟ್ಟೆಗಳಲ್ಲಿ ಒದ್ದೆ ಬಟ್ಟೆ ಹಾಸಿ ಎಣಿಸಿ ಇಪ್ಪತ್ತಿಪ್ಪತ್ತು ಹುರುಳಿ ಕಾಳು ಹರಡಿ. ಒಂದಕ್ಕೆ ಬರಿಯ ನೀರು. ಇನ್ನೊಂದಕ್ಕೆ ನೀಲಗಿರಿ ತರಗನ್ನು ರಾತ್ರಿಯೆಲ್ಲ ನೆನೆಸಿ ಸೋಸಿದ ನೀರು. ನಾಲ್ಕನೆಯ ದಿನ ಮಕ್ಕಳನ್ನು ಕೂಡಿಸಿಕೊಂಡು ಮೊಳಕೆಗಳನ್ನು ಎಣಿಸಿ, ಬೇರುಗಳನ್ನು ಅಳೆದು ನೋಡಿ.