ಬೀದರ್ ಸೀಮೆಯ ಹಾಡಿಕೆ ಮತ್ತು ರಾಕ್ ಸಂಗೀತದ ಮನ್ನಣೆ

ರಾಕ್ ಸಂಗೀತವನ್ನು ಗಂಭೀರ ಕಲೆಯೆಂದು ಎಣಿಸಬಹುದೇ ಎಂಬ ಚರ್ಚೆ 1960ರ ದಶಕದಿಂದ ಪಾಶ್ಚಾತ್ಯ ದೇಶಗಳಲ್ಲಿ ನಡೆದುಬಂದಿದ್ದರೂ, ಹಾಡಿಕೆಯೊಂದಕ್ಕೆ ಕಲೆಯ ಪದವಿಯನ್ನು ಯಾರು, ಯಾವ ಆಧಾರದ ಮೇಲೆ ಕೊಡುತ್ತಾರೆ ಎಂಬ ಅದರ ಮೂಲಪ್ರಶ್ನೆ ಕನ್ನಡ ನಾಡಿಗೆ, ಅದರಲ್ಲೂ ಬೀದರ್ ಸೀಮೆಗೆ, ಹೊಸದೇನಲ್ಲ. ಬೀದರ್ ಮತ್ತು ಭಾಲ್ಕಿಗಳ ನಡುವಿನ ರೈಲು ಮಾರ್ಗದಲ್ಲಿರುವ ಹಲಬರ್ಗಾದಿಂದ ಔರಾದ್ ತಾಲ್ಲೂಕಿನ ಗಡಿಹಳ್ಳಿಗಳವರೆಗೆ ಹಬ್ಬಿದ ಈ ಪ್ರದೇಶದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಒಂದರೊಡನೊಂದು ಬೆರೆತು ಬಾಳಿದಂತೆ ಅವುಗಳ ಹಾಡಿಕೆಯೂ ಬೆರೆತು ಬೆಳೆದಿದೆ. ಗುರುಮಾರ್ಗದ ಸಾಧಕರು ತಮ್ಮ ಅನುಭಾವವನ್ನು ಆಡುಮಾತಿನಲ್ಲಿ ಕಟ್ಟಿ ಹಾಡಿದ ತತ್ವಪದ, ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿಗಳು ಹಾಡುವ ಅಭಂಗ, ಮೊಹರಂ ಸಂದರ್ಭದಲ್ಲಿ ಕರ್ಬಲಾದ ಕಥೆಯನ್ನು ಹೇಳುವ ರಿವಾಯತ ಪದ, ಇವೆಲ್ಲವೂ ಇಲ್ಲಿ ಹಾಡಿಕೆಯನ್ನು ವೃತ್ತಿಯಾಗಿಸಿಕೊಳ್ಳದ ಒಕ್ಕಲಿಗರ, ಕೂಲಿಕಾರರ, ಕುಶಲಕರ್ಮಿಗಳ ಕಂಠದಲ್ಲಿ ಉಳಿದುಬಂದವು. ಮೊಹರಂ ಪದಗಳನ್ನು ಹಾಡುವವರಲ್ಲಿ ಹಿಂದೂಗಳ ಸಂಖ್ಯೆಯೂ ಕಡಿಮೆಯಿರಲಿಲ್ಲ.

ಹೀಗೆ ಜನರ ನಡುವೆ ಬಾಳಿದ ಹಾಡಿಕೆಯನ್ನು ಸಂಗೀತದ ಅಧಿಕೃತ ಸಂಸ್ಥೆಗಳು ಬಹುಕಾಲ ಹೊರಗಿಟ್ಟೇ ನೋಡಿದವು. ಭಜನಾ ಮೇಳಕ್ಕೆ ಏಕತಾರಿ, ತಾಳ, ದಮ್ಮಡಿಗಳ ಜೊತೆಗೆ ಆಧಾರವಾಗಿ ನಿಲ್ಲುವ ಪೇಟಿಯನ್ನು, ಅಂದರೆ ಹಾರ್ಮೋನಿಯಂ ವಾದ್ಯವನ್ನು, ಭಾರತೀಯ ಸಂಗೀತದ ಸೂಕ್ಷ್ಮ ಶ್ರುತಿಗಳನ್ನೂ ಸ್ವರದಿಂದ ಸ್ವರಕ್ಕೆ ಜಾರುವ ಗಮಕಗಳನ್ನೂ ನುಡಿಸಲಾರದೆಂಬ ಕಾರಣದಿಂದ ಆಕಾಶವಾಣಿ 1940ರಲ್ಲಿ ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಎಂದರೆ, 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗಲೂ ಈ ಸೀಮೆಯ ಮಠ, ಗುಡಿಗಳಲ್ಲಿ ನಿತ್ಯವೂ ನುಡಿಯುತ್ತಿದ್ದ ವಾದ್ಯಕ್ಕೆ ಬಾನುಲಿಯ ಬಾಗಿಲು ಮುಚ್ಚಿಯೇ ಇತ್ತು. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಲನಚಿತ್ರಗೀತೆಗಳೂ ಇದೇ ಬಗೆಯ ತೀರ್ಮಾನಕ್ಕೆ ಒಳಗಾಗಿ, ಕೇಳುಗರು ರೇಡಿಯೋ ಸಿಲೋನಿನತ್ತ ತಿರುಗಿದರು. ಗಾಂಭೀರ್ಯವನ್ನು ವಾದ್ಯದಿಂದಲೋ ಜನಪ್ರಿಯತೆಯಿಂದಲೋ ಅಳೆಯುವ ಈ ಪದ್ಧತಿ ತಪ್ಪಾಗಿತ್ತೆಂಬುದರಲ್ಲಿ ಸಂದೇಹವಿಲ್ಲ; ಎಲೆಕ್ಟ್ರಿಕ್ ಗಿಟಾರಿನ ಬಿರುಸಾದ ನಾದವನ್ನು ಗದ್ದಲವೆಂದು ತಳ್ಳಿಹಾಕಿದವರ ವಾದವೂ ಇದರಿಂದ ಬಹಳ ದೂರದ್ದಲ್ಲ.

ಕನ್ನಡದಲ್ಲಿ ಇಂತಹ ರಚನೆಗಳಿಗೆ ಮನ್ನಣೆ ದೊರೆತದ್ದು ಮುಖ್ಯವಾಗಿ ಮುದ್ರಣದ ಮೂಲಕ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಪ್ರಕಟವಾಗಿ, ಕಲ್ಯಾಣದ ಶರಣರ ಮಾತುಗಳನ್ನು ಸಾಹಿತ್ಯದ ಓದುಗರೆದುರು ಇಟ್ಟಿತು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಬಂದ ಮೇಲೆ ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು ಕಾವ್ಯವೆನಿಸಿದವು. ಈ ಸಂಗ್ರಹಕಾರರ ಉಪಕಾರ ಎಷ್ಟು ನೆನೆದರೂ ಕಡಿಮೆಯೇ. ಆದರೂ ಹಾಡು ಪುಟವೇರಿದಾಗ ಧಾಟಿ ಹಿಂದುಳಿಯಿತು: ಮೇಳದ ಮುಂದಾಳು ನುಡಿಯೊಂದನ್ನು ಎತ್ತಿದಾಗ ಹಿಮ್ಮೇಳದವರು ಪಲ್ಲವಿಯನ್ನು ಮರಳಿ ಮರಳಿ ಹೇಳುತ್ತ ಲಯವನ್ನು ಏರಿಸುವ ರೀತಿಗೂ, ರಾತ್ರಿಯಿಡೀ ಹಾಡಿ ಒರಟಾದ ಕಂಠವು ಅದೇ ಪದಕ್ಕೆ ತರುವ ಬೇರೆಯ ಭಾವಕ್ಕೂ ಅಚ್ಚಿನಲ್ಲಿ ಸ್ಥಳವಿರಲಿಲ್ಲ. ಸಾಹಿತ್ಯವಾಗಿ ಗೆದ್ದ ಹಾಡು ಸಂಗೀತವಾಗಿ ವಿಚಾರಣೆಗೇ ಬರಲಿಲ್ಲ.

ರಾಕ್ ಸಂಗೀತದ ಚರಿತ್ರೆಯಲ್ಲಿಯೂ ಇದೇ ನಡೆಯಿತೆಂಬುದು ಗಮನಾರ್ಹ. ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಅಳಲಿನ ಹಾಡುಗಳನ್ನು ಮುಖ್ಯ ಬೇರಾಗಿಸಿಕೊಂಡು, 1950ರ ದಶಕದ ನಡುವೆ ಚಕ್ ಬೆರಿಯಂತಹವರ ಕೈಯಲ್ಲಿ ರೂಪುಗೊಂಡ ಈ ಸಂಗೀತವು ಮೊದಲು ಹದಿಹರೆಯದವರ ಕುಣಿತದ ಸರಕೆಂದೇ ಎಣಿಕೆಯಾಗಿತ್ತು. 1967ರಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್’ ಧ್ವನಿಮುದ್ರಿಕೆ ಹೊರಬಂದಾಗ ಹಾಡುಗಳ ಸಾಹಿತ್ಯವನ್ನು ಅದರ ಹೊದಿಕೆಯ ಮೇಲೆ ಅಚ್ಚು ಹಾಕಲಾಗಿತ್ತು. ರಾಕ್ ಹಾಡನ್ನು ಕವಿತೆಯಂತೆ ಓದುವ ರೂಢಿ ಬಲಗೊಂಡದ್ದು ಆ ಕಾಲದಲ್ಲಿಯೇ. 2016ರಲ್ಲಿ ಬಾಬ್ ಡಿಲನ್ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದದ್ದು ಆ ರೂಢಿಗೆ ದೊರೆತ ಅತ್ಯುನ್ನತ ಮುದ್ರೆ. ಮನ್ನಣೆ ಅರ್ಹವಾದದ್ದೇ, ಆದರೆ ಅದು ಬಂದ ದಾರಿ ಅರ್ಧದ್ದು. ರಾಕ್ ಕೃತಿಯ ಅರ್ಥ ಅದರ ನಾದದಲ್ಲಿದೆ: ಆಂಪ್ಲಿಫಯರಿನ ಶಕ್ತಿಯನ್ನು ಮಿತಿ ಮೀರಿ ಏರಿಸಿ ತಂತಿಯ ಸ್ವರವನ್ನು ಬೇಕೆಂದೇ ಒಡೆಯುವ ಡಿಸ್ಟಾರ್ಷನ್, ಬೇರೆಬೇರೆ ವೇಳೆ ನುಡಿಸಿದ ಪದರಗಳನ್ನು ಒಂದಾಗಿಸುವ ಸ್ಟುಡಿಯೋ ಕೆಲಸ, ಡ್ರಮ್ ಮತ್ತು ಬೇಸ್ ಗಿಟಾರುಗಳು ಪರಸ್ಪರ ಆಲಿಸುತ್ತ ಹಿಡಿಯುವ ಲಯ, ಇವು ಕಲಿತು ಪಳಗಬೇಕಾದ ವಿದ್ಯೆಗಳೇ. ರಾಗವಿಸ್ತಾರವನ್ನು ಅಳೆಯುವ ಮಾನದಂಡದಿಂದ ಇವುಗಳನ್ನು ಅಳೆದರೆ ಕಾಣುವುದು ಕೊರತೆಯೊಂದೇ, ಏಕೆಂದರೆ ಆ ಮಾನದಂಡ ಇವುಗಳಿಗಾಗಿ ಹುಟ್ಟಿದ್ದಲ್ಲ.

ಕರ್ನಾಟಕದಲ್ಲಿ ರಾಕ್ ಬೇರೂರಿದ್ದು ಬೆಂಗಳೂರಿನಲ್ಲಿ; 1996ರಲ್ಲಿ ಅಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಮೊದಲಾದ ತಂಡಗಳ ಹಾಡಿನ ಭಾಷೆ ಬಹುಮಟ್ಟಿಗೆ ಇಂಗ್ಲಿಷೇ ಆಗಿದ್ದುದರಿಂದ ಅದು ನಗರದ ಒಂದು ವರ್ಗದ ಹವ್ಯಾಸವೆಂದೇ ಕನ್ನಡ ವಿಮರ್ಶೆ ಭಾವಿಸಿತು. ರಘು ದೀಕ್ಷಿತ್ ಅವರ 2008ರ ಮೊದಲ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ (1819–1889) ‘ಗುಡುಗುಡಿಯ ಸೇದಿ ನೋಡೊ’ ಗಿಟಾರು, ಡ್ರಮ್ಮುಗಳೊಡನೆ ಕೇಳಿಬಂದಾಗ, ಶರೀಫರ ಘನತೆಯಿಂದ ರಾಕ್‌ಗೆ ಗಾಂಭೀರ್ಯ ಬಂತೆಂದು ತಿಳಿಯುವುದು ಸುಲಭ. ವಾಸ್ತವವಾಗಿ ಅಲ್ಲಿ ಕೂಡಿಬಂದದ್ದು ಒಂದೇ ಸ್ವಭಾವದ ಎರಡು ಪರಂಪರೆಗಳು: ಎರಡರಲ್ಲೂ ಪಲ್ಲವಿಯ ಪುನರಾವೃತ್ತಿಯೇ ಅರ್ಥವನ್ನು ಬೆಳೆಸುತ್ತದೆ, ಒರಟು ಕಂಠ ದೋಷವೆನಿಸುವುದಿಲ್ಲ, ಕೇಳುಗ ಹಿಮ್ಮೇಳದವನಾಗುತ್ತಾನೆ. ಆದ್ದರಿಂದ ಬೀದರ್ ಸೀಮೆಯ ತತ್ವಪದ, ರಿವಾಯತಗಳ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರು ಪದಗಳ ಪಾಠದ ಜೊತೆಗೆ ಧಾಟಿ, ತಾಳ, ಮೇಳದ ರಚನೆ ಮತ್ತು ಹಾಡಿದ ಸಂದರ್ಭಗಳನ್ನೂ ಧ್ವನಿಮುದ್ರಣದೊಡನೆ ದಾಖಲಿಸಬೇಕಾಗಿದೆ. ಹಾಗೆ ಕಟ್ಟಿದ ವಿಮರ್ಶೆಯ ಪರಿಭಾಷೆಯೇ ಕನ್ನಡದಲ್ಲಿ ರಾಕ್ ಸಂಗೀತವನ್ನು ಚರ್ಚಿಸಲಿಕ್ಕೂ ಒದಗಬಲ್ಲದು.