ತೆಮೋಟು ಪ್ರಾಂತ್ಯ: ವಿಪತ್ತುಗಳು ಮತ್ತು ತುರ್ತು ನೆರವು

ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪರಾಷ್ಟ್ರದ ಪೂರ್ವತುದಿಯ ಪ್ರಾಂತ್ಯ. ಆಡಳಿತ ಕೇಂದ್ರ ನೆಂಡೋ ದ್ವೀಪದ ಲಾಟಾ. ರಾಜಧಾನಿ ಹೊನಿಯಾರಾದಿಂದ ಸುಮಾರು 650 ಕಿ.ಮೀ. ದೂರ. ಆಸ್ಟ್ರೇಲಿಯಾ ಭೂಫಲಕವು ಪೆಸಿಫಿಕ್ ಫಲಕದ ಕೆಳಗೆ ನುಗ್ಗುವ ಜಾಗ ಇದಾದ್ದರಿಂದ ಭೂಕಂಪ, ಸುನಾಮಿ ಇಲ್ಲಿ ಅಪರೂಪವಲ್ಲ. 2013ರ ಫೆಬ್ರವರಿ 6ರಂದು 8.0 ತೀವ್ರತೆಯ ಭೂಕಂಪವಾದಾಗ ಅಲೆಗಳು ಕೆಲವೇ ನಿಮಿಷಗಳಲ್ಲಿ ದಡ ಮುಟ್ಟಿದವು. ಇಷ್ಟು ಹತ್ತಿರದ ಸುನಾಮಿಗೆ ದೂರದ ಕೇಂದ್ರದ ಎಚ್ಚರಿಕೆ ಕಾಯುತ್ತ ಕೂರುವಂತಿಲ್ಲ. ನೆಲ ನಡುಗಿದ ಕೂಡಲೇ ಗುಡ್ಡ ಹತ್ತಬೇಕು. ಆ ಸುನಾಮಿಯಲ್ಲಿ ಲಾಟಾದ ವಿಮಾನಪಟ್ಟಿಯ ಮೇಲೆ ನೀರೂ ಕಸಕಡ್ಡಿಯೂ ತುಂಬಿ, ನೆರವಿನ ವಿಮಾನಗಳಿಗೆ ತಕ್ಷಣ ಇಳಿಯಲಾಗಲಿಲ್ಲ. ಜನವಸತಿಯಿಲ್ಲದ ಟಿನಾಕುಲಾ ಜ್ವಾಲಾಮುಖಿ 2017ರಲ್ಲಿ ಬೂದಿ ಉಗುಳಿತು. ಮಳೆನೀರು ಹಿಡಿದು ಕುಡಿಯುವ ಊರುಗಳಿಗೆ ಬೂದಿಯೂ ಸಣ್ಣ ಸಂಕಟವಲ್ಲ.

ಪ್ರಾಂತ್ಯದ ಇನ್ನೂ ದೂರದ ಟಿಕೋಪಿಯಾ, ಅನುಟಾ ದ್ವೀಪಗಳನ್ನು 2002ರ ಡಿಸೆಂಬರ್ ಕೊನೆಯಲ್ಲಿ ಜೋಯಿ ಚಂಡಮಾರುತ ಅಪ್ಪಳಿಸಿತು. ಸಂಪರ್ಕ ಕಡಿದುಹೋಗಿ, ಮೊದಲ ನೆರವಿನ ಹಡಗು ಬರಲು ಸುಮಾರು ಒಂದು ವಾರ ಹಿಡಿಯಿತು. ಆದರೂ ಯಾರೂ ಸಾಯಲಿಲ್ಲ! ಟಿಕೋಪಿಯಾದವರು ಬಂಡೆಗಳ ಮರೆಯಲ್ಲಿ, ಎತ್ತರದ ಜಾಗಗಳಲ್ಲಿ ಆಶ್ರಯ ಪಡೆದಿದ್ದರು. ದೀವಿಹಲಸನ್ನು ಎಲೆ ಹಾಸಿದ ಗುಂಡಿಗಳಲ್ಲಿ ಹುಳಿಬರಿಸಿ ಕೂಡಿಡುವುದು ಅಲ್ಲಿನ ಹಳೆಯ ರೂಢಿ. ಚಂಡಮಾರುತದಲ್ಲಿ ಸಮುದ್ರದ ಅಲೆ ನುಗ್ಗಿ ಉಪ್ಪಾದ ಟಿಕೋಪಿಯಾದ ಸಿಹಿನೀರಿನ ಸರೋವರದ ಒಡೆದ ದಂಡೆಯನ್ನು ಕೆಲವು ವರ್ಷಗಳ ಬಳಿಕ ಕಟ್ಟಿ ಮುಚ್ಚಲಾಯಿತು.

ವಿಪತ್ತು ನಿರ್ವಹಣೆಯ ರಾಷ್ಟ್ರೀಯ ಕಚೇರಿ ಹೊನಿಯಾರಾದಲ್ಲಿದೆ. 1989ರ ಕಾಯ್ದೆ ಇದರ ಬುನಾದಿ. ಪ್ರಾಂತ್ಯದ ಮಟ್ಟದಲ್ಲಿ ವಿಪತ್ತು ಸಮಿತಿಯಿದ್ದರೂ ಹಡಗು, ಇಂಧನ, ಹವಾಮಾನ ಈ ಮೂರೂ ಕೂಡಿಬಂದರಷ್ಟೇ ನೆರವು ತಲುಪೀತು.