ಮದುವೆ ಬ್ಯಾಂಡಿನ ಹಿಂದೊಬ್ಬ ಚಿಕ್ ಚಾಕೊಲೇಟ್

ನಮ್ಮ ಹುಮನಾಬಾದ್, ಬಸವಕಲ್ಯಾಣದ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡಿನವರು ಹಳೇ ಹಿಂದಿ ಹಾಡು ಊದೋದನ್ನ ಎಷ್ಟೋ ಸಲ ಕೇಳಿದ್ದೇನೆ. ಮೂಲ ಹಾಡುಗಳಲ್ಲಿ ಟ್ರಂಪೆಟ್ ಊದಿದವರು ಯಾರು ಅಂತ ಹುಡುಕುತ್ತಾ ಹೋದಾಗ ಒಂದು ತಮಾಷೆಯ ಹೆಸರು ಸಿಕ್ಕಿತು: ಚಿಕ್ ಚಾಕೊಲೇಟ್!

ನಿಜವಾದ ಹೆಸರು ಆಂಟೋನಿಯೊ ಕ್ಸೇವಿಯರ್ ವಾಜ್. ಹುಟ್ಟಿದ್ದು 1916ರಲ್ಲಿ, ಗೋವಾದ ಅಲ್ಡೋನಾದಲ್ಲಿ. ಮುಂಬಯಿಯ ತಾಜ್ ಹೋಟೆಲಿನಲ್ಲಿ ತಮ್ಮದೇ ಜಾಝ್ ಬ್ಯಾಂಡ್ ನಡೆಸಿದರು. ಜನ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತಿದ್ದರು.

ಆಗ ಚರ್ಚ್ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತ ಗೋವಾದವರೇ ಹಿಂದಿ ಸಿನಿಮಾ ವಾದ್ಯವೃಂದಗಳ ಬೆನ್ನೆಲುಬು. ಚಿಕ್ ಕೂಡ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆಗೂಡಿದರು. 1951ರ 'ಅಲಬೇಲಾ'ದ 'ದೀವಾನಾ ಪರವಾನಾ' ಹಾಡಿನಲ್ಲಿ ತೆರೆ ಮೇಲಿರೋದೇ ಅವರ ಬ್ಯಾಂಡ್. ತಾಜ್ ಹೋಟೆಲಿನ ಬಾಗಿಲು ದಾಟಲಾಗದ ಜನಕ್ಕೂ ಜಾಝ್ ಮುಟ್ಟಿದ್ದು ಹೀಗೆ, ಸಿನಿಮಾ ಮತ್ತು ರೇಡಿಯೊ ಸಿಲೋನ್ ಮೂಲಕ. ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರ್ ಸೀಮೆಗೂ ಅಷ್ಟೇ.

ರಾಮಚಂದ್ರ, ಲತಾ ಎಲ್ಲರಿಗೂ ಗೊತ್ತು. ಊದಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಚಿಕ್ 1967ರಲ್ಲಿ ತೀರಿಕೊಂಡರು. 1966ರ 'ಆಖರೀ ಖತ್' ಸಿಕ್ಕರೆ 'ರುತ್ ಜವಾನ್ ಜವಾನ್' ಹಾಡು ನೋಡಿ. ಟ್ರಂಪೆಟ್ ಹಿಡಿದು ನಿಂತವರೇ ಅವರು.